ಒಂದಕ್ಕೆ ಮೂರೋ, ಒಂದಕ್ಕೆ ಒಂಬತ್ತೋ

ರಾಜ್ಯದ ನರ್ಸಿಂಗ್ ಪದವಿಗಳನ್ನು ನೀಡುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಜಯನಗರ ಸಾರ್ವಜನಿಕ ಆಸ್ಪತ್ರೆಯೂ ಇರುವುದು ಜಯನಗರದ 4ನೇ ಟಿ ಬ್ಲಾಕ್‌ನಲ್ಲಿ. ಬನ್ನೇರುಘಟ್ಟ ರಸ್ತೆಗೆ ಬಂದರೆ ಜಯದೇವ ಹೃದ್ರೋಗ ಸಂಸ್ಥೆ. ಆಸ್ಪತ್ರೆಗಳು ಇಷ್ಟು ಒತ್ತಾಗಿರುವ ದಕ್ಷಿಣ ಬೆಂಗಳೂರಿನಲ್ಲಿ ರೋಗಿಯ ಕಡೆಯವರು ಶಸ್ತ್ರವೈದ್ಯರ ಹೆಸರನ್ನು ವಿಚಾರಿಸುತ್ತಾರೆ. ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್ ಎಷ್ಟು ಹಾಸಿಗೆ ನೋಡಿಕೊಳ್ಳುತ್ತಾರೆಂದು ಕೇಳುವವರು ವಿರಳ. ಆದರೆ ಜೀವ ಉಳಿಯುವುದಕ್ಕೂ ಆ ಸಂಖ್ಯೆಗೂ ನಂಟಿದೆ.

ಅಮೆರಿಕದ ಸಂಶೋಧಕಿ ಲಿಂಡಾ ಐಕೆನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 2,32,342 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶುಶ್ರೂಷಕಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಿದಂತೆಲ್ಲ 30 ದಿನಗಳೊಳಗೆ ಸಾವಿನ ಸಂಭವ ಶೇ 7ರಷ್ಟು ಏರುತ್ತಿತ್ತು. ನಾಲ್ವರ ಬದಲು ಎಂಟು ಮಂದಿಯಾದರೆ ಏರಿಕೆ ಶೇ 31. ಇದು ದಾಖಲೆಗಳನ್ನು ಹೋಲಿಸಿದ ಅಧ್ಯಯನವೇ ಹೊರತು ಪ್ರಯೋಗವಲ್ಲ; ಆದರೂ 2014ರಲ್ಲಿ ಯುರೋಪಿನ 9 ದೇಶಗಳಲ್ಲಿ ಅದೇ ಶೇ 7 ಮತ್ತೆ ಕಂಡದ್ದನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ.

ಇದರ ಕಾರಣವನ್ನು ಸಂಶೋಧಕ ಜೆಫ್ರಿ ಸಿಲ್ಬರ್ 1992ರಲ್ಲಿ ಮಂಡಿಸಿದ ‘ಪಾರುಮಾಡುವಲ್ಲಿ ವೈಫಲ್ಯ’ ಎಂಬ ಪರಿಕಲ್ಪನೆ, ಅಂದರೆ ಚಿಕಿತ್ಸೆಯ ನಡುವೆ ತಲೆದೋರಿದ ತೊಡಕಿನಿಂದ ರೋಗಿಯನ್ನು ಉಳಿಸಲಾಗದಿರುವಿಕೆ, ವಿವರಿಸುತ್ತದೆ. ರಕ್ತಸ್ರಾವ, ನಂಜು, ಶ್ವಾಸಕೋಶದ ಸೋಂಕು ಒಳ್ಳೆಯ ಆಸ್ಪತ್ರೆಯಲ್ಲೂ ಬರುತ್ತವೆ. ಅವನ್ನು ಎಷ್ಟು ಬೇಗ ಗುರುತಿಸಲಾಗುತ್ತದೆ ಎಂಬುದರಲ್ಲಿದೆ ವ್ಯತ್ಯಾಸ. ಒಲೆಯ ಮೇಲಿನ ಹಾಲು ಉಕ್ಕುವ ಮುನ್ನ ಅಂಚಿನಲ್ಲಿ ಸಣ್ಣ ಗುಳ್ಳೆಗಳೇಳುತ್ತವೆ. ಎರಡು ಪಾತ್ರೆ ಕಾಯುವವರಿಗೆ ಅವು ಕಾಣುತ್ತವೆ, ಹತ್ತು ಪಾತ್ರೆಗಳ ನಡುವೆ ಓಡಾಡುವವರಿಗೆ ಉಕ್ಕಿದ ಮೇಲಷ್ಟೇ ತಿಳಿಯುತ್ತದೆ. ಉಸಿರಾಟದ ವೇಗ, ನಾಡಿ, ರಕ್ತದೊತ್ತಡಗಳಲ್ಲೂ ಹೃದಯ ನಿಲ್ಲುವುದಕ್ಕೆ ಎಷ್ಟೋ ಗಂಟೆ ಮೊದಲೇ ಏರುಪೇರು ಕಾಣಿಸುವುದುಂಟು. ಅದನ್ನು ಕಂಡು ವೈದ್ಯರನ್ನು ಕರೆಯಬೇಕಾದವರು ಹಾಸಿಗೆಯ ಬಳಿ ಇರಬೇಕು, ಅಷ್ಟೆ.

ಭಾರತೀಯ ಶುಶ್ರೂಷಾ ಪರಿಷತ್ತಿನ 1985ರ ಮಾನದಂಡ ಸಾಮಾನ್ಯ ವಾರ್ಡಿಗೆ 1:3, ಅಂದರೆ ಮೂರು ಹಾಸಿಗೆಗೆ ಒಬ್ಬ ಶುಶ್ರೂಷಕಿ, ಎನ್ನುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ನಿಯಮದ 1:5ಕ್ಕಿಂತ ಇದು ಉತ್ತಮವೆಂದು ತೋರಬಹುದು, ಆದರೆ ಇಲ್ಲಿನ 1:3 ಹುದ್ದೆಗಳ ಲೆಕ್ಕವೇ ಹೊರತು ಪಾಳಿಯ ಲೆಕ್ಕವಲ್ಲ. ದಿನಕ್ಕೆ ಮೂರು ಪಾಳಿಗಳಾದ್ದರಿಂದ ಅದೇ ಮಾನದಂಡವು ಪ್ರತಿ ಪಾಳಿಗೆ 1:9 ಎಂದೂ ಹೇಳುತ್ತದೆ. 36 ಹಾಸಿಗೆಯ ವಾರ್ಡಿಗೆ 12 ಹುದ್ದೆ, ಪಾಳಿಗೆ ನಾಲ್ವರು. ರಜೆಗೆಂದು ಶೇ 30ರಷ್ಟು ಹೆಚ್ಚುವರಿ ನೇಮಕವನ್ನೂ ಅದು ಕೇಳುತ್ತದೆ. ಅದನ್ನು ಕೈಬಿಟ್ಟರೆ ವಾರದ ರಜೆಯೇ ಹಲವು ಪಾಳಿಗಳಲ್ಲಿ ಆ ನಾಲ್ವರನ್ನು ಮೂವರಾಗಿಸುತ್ತದೆ, ಆಗ ಒಬ್ಬರ ಪಾಲಿಗೆ 12 ಹಾಸಿಗೆ. ಹುದ್ದೆಗಳ ಪಟ್ಟಿಯಲ್ಲಿ ಮಾತ್ರ ಅನುಪಾತ 1:3 ಆಗಿಯೇ ಉಳಿಯುತ್ತದೆ. ಇಂಥ ಲೆಕ್ಕವನ್ನು ಸುರಕ್ಷತೆಯ ಪುರಾವೆಯೆಂದು ಒಪ್ಪಲಾಗದು. ಇದಕ್ಕೆ ವ್ಯತಿರಿಕ್ತವಾಗಿ, 1999ರಲ್ಲಿ ಅಂಗೀಕಾರಗೊಂಡು 2004ರಿಂದ ಜಾರಿಯಾದ ಕ್ಯಾಲಿಫೋರ್ನಿಯಾದ ನಿಯಮ, ಒಬ್ಬ ಶುಶ್ರೂಷಕಿ ಊಟಕ್ಕೆ ಎದ್ದುಹೋದ ಹೊತ್ತಿನಲ್ಲೂ ಅನುಪಾತ ಮುರಿಯಬಾರದು ಎನ್ನುತ್ತದೆ.