ದಮ್ಮು ಎಷ್ಟಿದೆ? ಅರವತ್ತು ದಾಟಿದವರು ಮನೆಯಂಗಳದಲ್ಲೇ ಅಳೆಯಬಹುದು

ತಪ್ಪು ಕಲ್ಪನೆ: ಬಿಪಿ ಇಲ್ಲ, ಶುಗರ್ ಇಲ್ಲ, ಅಂದಮೇಲೆ ದಮ್ಮೂ ಚೆನ್ನಾಗಿಯೇ ಇದೆ.

ಲ್ಯಾಬ್ ವರದಿಯಲ್ಲಿ ರಕ್ತದ ಸುದ್ದಿ ಇರುತ್ತದೆ, ದಮ್ಮಿನ ಸುದ್ದಿ ಇರುವುದಿಲ್ಲ. ದುಡಿಯುವ ಹೊತ್ತಿನಲ್ಲಿ ಶ್ವಾಸಕೋಶ ಎಳೆದುಕೊಂಡ ಆಮ್ಲಜನಕವನ್ನು ಹೃದಯ ಎಷ್ಟು ತಲುಪಿಸುತ್ತದೆ, ಸ್ನಾಯುಗಳು ಎಷ್ಟು ಬಳಸಿಕೊಳ್ಳುತ್ತವೆ ಎಂಬುದೇ ದಮ್ಮು. ಕುರ್ಚಿಯಲ್ಲಿ ಕೂತವರ ತೋಳಿಗೆ ಪಟ್ಟಿ ಸುತ್ತಿದರೆ ಇದು ತಿಳಿಯದು. ನಡುವಯಸ್ಸು ದಾಟಿದ ಮೇಲೆ ಈ ಶಕ್ತಿ ಹತ್ತು ವರ್ಷಕ್ಕೆ ಸುಮಾರು ಶೇ 10ರಷ್ಟು ಕುಗ್ಗುತ್ತದೆ. ನಿಧಾನವಾಗಿ ಕುಗ್ಗುವುದರಿಂದ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ನಾವು ಹಪ್ಪಳ ಒಣಗಿಸಲು ಮಹಡಿ ಹತ್ತುವುದನ್ನು ಬಿಟ್ಟಿರುತ್ತೇವೆ, ಸಂತೆಗೆ ಆಟೊ ಹಿಡಿಯಲು ಶುರುಮಾಡಿರುತ್ತೇವೆ. ಏದುಸಿರು ಬರುವ ಕೆಲಸವನ್ನೇ ಬಿಟ್ಟವರಿಗೆ ಏದುಸಿರು ಹೇಗೆ ಬಂದೀತು?

ತಪ್ಪು ಕಲ್ಪನೆ: ಇದನ್ನು ಅಳೆಯಲು ಆಸ್ಪತ್ರೆಯ ಟ್ರೆಡ್‌ಮಿಲ್ಲೇ ಬೇಕು.

ಮುಖಕ್ಕೆ ಮಾಸ್ಕ್ ಕಟ್ಟಿ, ಉಸಿರಿನ ಗಾಳಿಯನ್ನೇ ಅಳೆಯುವ ಪರೀಕ್ಷೆ ಅತ್ಯಂತ ನಿಖರ, ನಿಜ. ಆದರೆ ಒಂದು ಗಡಿಯಾರ, ಒಂದು ಟೇಪು, ಸಮತಟ್ಟಾದ ದಾರಿ ಇದ್ದರೆ ಸಾಕಷ್ಟು ನಂಬಬಹುದಾದ ಉತ್ತರ ಸಿಗುತ್ತದೆ. ಇದಕ್ಕೆ ದೊಡ್ಡ ಇತಿಹಾಸವೇ ಇದೆ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ, 12 ನಿಮಿಷದಲ್ಲಿ ಎಷ್ಟು ದೂರ ಓಡುತ್ತಾರೆ ಎಂಬುದರಿಂದಲೇ ದಮ್ಮನ್ನು ಅಂದಾಜಿಸಬಹುದೆಂದು ತೋರಿಸಿದರು. ಶ್ವಾಸಕೋಶದ ರೋಗಿಗಳು ಓಡಲಾರರು. ಅವರಿಗಾಗಿ ಅದು 12 ನಿಮಿಷದ ನಡಿಗೆಯಾಯಿತು. ಅದೂ ಹೆಚ್ಚೆನಿಸಿ, ಆರು ನಿಮಿಷ ಸಾಕೆಂದು ಬ್ರಿಟನ್ನಿನ ವೈದ್ಯರು 1982ರಲ್ಲಿ ಕಂಡುಕೊಂಡರು. 2002ರಲ್ಲಿ ಅಮೆರಿಕನ್ ಥೊರಾಸಿಕ್ ಸೊಸೈಟಿ ಅದಕ್ಕೆ ನಿಯಮಗಳನ್ನು ಬರೆಯಿತು.

ನಿಯಮಗಳು ಸರಳ, ಆದರೆ ಪಾಲಿಸಲೇಬೇಕು. 30 ಮೀಟರ್ ಅಳೆದು ಎರಡೂ ತುದಿಗೆ ಗುರುತಿಡಿ. ಆರು ನಿಮಿಷದಲ್ಲಿ ಆದಷ್ಟು ದೂರ ನಡೆಯಿರಿ, ಓಡಬೇಡಿ. ಸುಸ್ತಾದರೆ ನಿಲ್ಲಬಹುದು, ಗೋಡೆಗೆ ಒರಗಬಹುದು, ಗಡಿಯಾರ ಮಾತ್ರ ನಿಲ್ಲಿಸುವಂತಿಲ್ಲ. ದಿನವೂ ಕೋಲು ಹಿಡಿಯುವವರು ಕೋಲು ಹಿಡಿದೇ ನಡೆಯಬೇಕು. ಲೆಕ್ಕ ಇಡುವ ಮಗನೋ ಸೊಸೆಯೋ ಪಕ್ಕದಲ್ಲಿ ನಡೆಯಬಾರದು: ಅವರ ಹೆಜ್ಜೆಗೆ ನಮ್ಮ ಹೆಜ್ಜೆ ತಾನಾಗಿ ಕೂಡಿಕೊಳ್ಳುತ್ತದೆ. ದಾರಿ ಗಿಡ್ಡವಾದರೆ ತಿರುವು ಹೆಚ್ಚಿ, ದೂರ ಕಡಿಮೆಯಾಗುತ್ತದೆ. ಎರಡನೇ ಸಲ ನಡೆದಾಗ ಸ್ವಲ್ಪ ಹೆಚ್ಚು ದೂರ ಬರುವುದು ಸಾಮಾನ್ಯ. ಅದು ರೂಢಿಯಿಂದ ಬಂದದ್ದು, ಒಂದೇ ದಿನದಲ್ಲಿ ದಮ್ಮು ಬೆಳೆದದ್ದಲ್ಲ.

ಕಳೆದ ಒಂದು ತಿಂಗಳಲ್ಲಿ ಹೃದಯಾಘಾತವಾದವರು, ಕೂತಲ್ಲೇ ಎದೆನೋವು ಬರುವವರು ಇದನ್ನು ಮನೆಯಲ್ಲಿ ಮಾಡಲೇಬಾರದು. ಹೃದಯದ ಕಾಯಿಲೆ ಇರುವ ಉಳಿದವರು ಮೊದಲು ವೈದ್ಯರನ್ನು ಕೇಳಬೇಕು. ನಡೆಯುತ್ತಿರುವಾಗ ಎದೆ ಹಿಡಿದರೆ, ತಲೆ ಸುತ್ತಿದರೆ, ತಡೆಯಲಾರದಷ್ಟು ಉಬ್ಬಸ ಬಂದರೆ ಅಲ್ಲಿಗೇ ನಿಲ್ಲಿಸಿ.

ತಪ್ಪು ಕಲ್ಪನೆ: 220ರಲ್ಲಿ ವಯಸ್ಸು ಕಳೆದರೆ ಹೃದಯದ ಮಿತಿ ಸಿಕ್ಕಿಬಿಡುತ್ತದೆ.

ಈ ಸೂತ್ರ ಹಿರಿಯರಿಗೆಂದು ಮಾಡಿದ್ದಲ್ಲ. 1970ರ ದಶಕದ ಆರಂಭದಲ್ಲಿ, ಬೇರೆ ಬೇರೆ ಕಡೆಯ ಅಂಕಿಗಳನ್ನು ಒಟ್ಟುಮಾಡಿ ಎಳೆದ ಅಂದಾಜಿನ ಗೆರೆ ಅದು. 70 ವರ್ಷದವರಿಗೆ ಅದು 150 ಎನ್ನುತ್ತದೆ, 2001ರಲ್ಲಿ ಬಂದ ಮತ್ತೊಂದು ಸೂತ್ರ (208ರಲ್ಲಿ ವಯಸ್ಸಿನ 0.7 ಪಾಲು ಕಳೆಯುವುದು) 159 ಎನ್ನುತ್ತದೆ. ಒಂದೇ ವಯಸ್ಸಿನ ಇಬ್ಬರ ನಡುವೆಯೂ ಹತ್ತಿಪ್ಪತ್ತು ಬಡಿತದ ಅಂತರ ಇರಬಹುದು. ಇನ್ನು ಬಿಪಿಗೆಂದು ಮೆಟೊಪ್ರೊಲಾಲ್, ಅಟೆನೊಲಾಲ್ ನುಂಗುವವರ ನಾಡಿ ಎಷ್ಟು ದಣಿದರೂ ಅಷ್ಟಾಗಿ ಮೇಲೇರದು. ಅಂಥವರು ಕೈಗಡಿಯಾರದ ಅಂಕಿ ನೋಡಿ, ನಾನಿನ್ನೂ ದಣಿದಿಲ್ಲ ಎಂದು ನಡೆಯುತ್ತಲೇ ಹೋಗುವುದು ನನಗೆ ನಿಜಕ್ಕೂ ಆತಂಕದ ವಿಷಯ. ಇದಕ್ಕಿಂತ ಮಾತು ಒಳ್ಳೆಯ ಮಾಪಕ. ನಡೆಯುತ್ತ ಪೂರ್ತಿ ವಾಕ್ಯ ಆಡಬಹುದು, ಹಾಡಲಾಗದು ಎಂದರೆ ಶ್ರಮ ಹದವಾಗಿದೆ. ಎರಡು ಪದಕ್ಕೊಮ್ಮೆ ಉಸಿರೆಳೆದುಕೊಳ್ಳಬೇಕಾದರೆ ಶ್ರಮ ಜಾಸ್ತಿ.

ತಪ್ಪು ಕಲ್ಪನೆ: ದಿನಕ್ಕೆ 10,000 ಹೆಜ್ಜೆ ಆದರೆ ದಮ್ಮು ಇದೆ ಎಂದರ್ಥ.

ಈ ಸಂಖ್ಯೆ ಹುಟ್ಟಿದ್ದು 1960ರ ದಶಕದ ಜಪಾನಿನಲ್ಲಿ, ಹೆಜ್ಜೆ ಎಣಿಸುವ ಒಂದು ಸಾಧನದ ಮಾರಾಟಕ್ಕೆ. ಹೆಜ್ಜೆ ಹಾಕುವುದು ಒಳ್ಳೆಯದೇ. ಆದರೆ ಲೆಕ್ಕದಲ್ಲಿ ವೇಗ ಇಲ್ಲ. ದಿನವಿಡೀ ಅಡುಗೆಮನೆಯಲ್ಲಿ ಓಡಾಡಿದ್ದೂ ದಿಬ್ಬ ಹತ್ತಿದ್ದೂ ಅದಕ್ಕೆ ಒಂದೇ.

ತಪ್ಪು ಕಲ್ಪನೆ: ಜಾಗವಿಲ್ಲದಿದ್ದರೆ, ಪಕ್ಕದ ಮನೆಯವರಷ್ಟು ನಡೆಯಲಾಗದಿದ್ದರೆ ಅಳೆದು ಪ್ರಯೋಜನವಿಲ್ಲ.

ಜಾಗವಿಲ್ಲದವರಿಗೆ ಎರಡು ನಿಮಿಷದ ಪರೀಕ್ಷೆಯೊಂದಿದೆ. ಕ್ಯಾಲಿಫೋರ್ನಿಯಾದ ರಾಬರ್ಟಾ ರಿಕ್ಲಿ ಮತ್ತು ಜೆಸ್ಸಿ ಜೋನ್ಸ್ ಇದನ್ನು ಹಿರಿಯರಿಗಾಗಿಯೇ ರೂಪಿಸಿದರು. ಮಂಡಿಚಿಪ್ಪಿಗೂ ಸೊಂಟದ ಮೂಳೆಗೂ ನಡುವಿನ ಎತ್ತರವನ್ನು ಗೋಡೆಯ ಮೇಲೆ ಗುರುತಿಸಿ, ನಿಂತಲ್ಲೇ ಹೆಜ್ಜೆ ಹಾಕುತ್ತ ಮಂಡಿಯನ್ನು ಅಲ್ಲಿಯವರೆಗೆ ಎತ್ತಬೇಕು. ಬಲಮಂಡಿ ಎಷ್ಟು ಸಲ ಮೇಲೆ ಬಂತು ಎಂದಷ್ಟೇ ಎಣಿಕೆ. ಬೇಕಾದರೆ ಒಂದು ಕೈ ಗೋಡೆಯ ಮೇಲಿರಲಿ. ಅವರ ಕೋಷ್ಟಕದಲ್ಲಿ 70ರಿಂದ 74 ವರ್ಷದ ಹೆಂಗಸರಿಗೆ 68ರಿಂದ 101, ಗಂಡಸರಿಗೆ 80ರಿಂದ 110 ಸಾಮಾನ್ಯ. ಆದರೆ ಅಳೆದದ್ದು ಅಮೆರಿಕದವರನ್ನು. ನಮ್ಮ ಎತ್ತರ, ನಮ್ಮ ಮಂಡಿಗಳ ಸ್ಥಿತಿ ಬೇರೆ. ಹಾಗಾಗಿ ನಿಮ್ಮ ಹಳೆಯ ಅಂಕಿಯೇ ನಿಮಗೆ ಸರಿಯಾದ ಜೊತೆ. ಮೂರು ತಿಂಗಳಿಗೊಮ್ಮೆ ಅದೇ ಜಾಗ, ಅದೇ ಹೊತ್ತು, ಅದೇ ಚಪ್ಪಲಿಯಲ್ಲಿ ನಡೆದು ಕ್ಯಾಲೆಂಡರಿನ ಮೇಲೆ ಬರೆದಿಡಿ. ಆರು ನಿಮಿಷದ ನಡಿಗೆಯಲ್ಲಿ ಐದಾರು ಮೀಟರ್ ಏರುಪೇರಾದರೆ ಚಿಂತೆ ಬೇಡ. 30 ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಕಡಿಮೆಯಾದರೆ, ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಕ್ಯಾಲೆಂಡರನ್ನೂ ಜೊತೆಗೆ ಒಯ್ಯಿರಿ.