ಐಆರ್‌ಕ್ಯೂ ನಂಬರ್: ಮೈನಸ್ ಚಿಹ್ನೆ ಕಳೆದುಹೋದರೆ

ಇವತ್ತಿನ ಮಾತು ಲಿನಕ್ಸ್ ಕರ್ನಲ್ ಡ್ರೈವರ್‌ಗಳದ್ದು. ಪುಣೆ, ಹೈದರಾಬಾದ್, ಚೆನ್ನೈ ಕಡೆ ಎಂಬೆಡೆಡ್ ಕೆಲಸದಲ್ಲಿರೋ ನಮ್ಮವರಿಗೆ ಈ ಲಕ್ಷಣ ಪರಿಚಯ ಇರಬಹುದು: ಒಂದು ಬೋರ್ಡಿನಲ್ಲಿ ಚೆನ್ನಾಗಿ ನಡೆಯೋ ಈಥರ್ನೆಟ್ ಇನ್ನೊಂದರಲ್ಲಿ ಏಳೋದೇ ಇಲ್ಲ. ಡ್ರೈವರ್ ಅದೇ. ಲಾಗ್‌ನಲ್ಲಿ ಬರೀ ಮೈನಸ್ 22.

ಇಂಟರಪ್ಟ್ ಅಂದರೆ ಹಾರ್ಡ್‌ವೇರ್ ಪ್ರೊಸೆಸರ್ ಅನ್ನು ಕರೆಯೋ ರೀತಿ. ಯಾವ ಲೈನಿನಿಂದ ಕರೆ ಬಂತು ಅಂತ ಗುರುತಿಸೋಕೆ ಕರ್ನಲ್ ಒಂದು ಐಆರ್‌ಕ್ಯೂ ನಂಬರ್ ಇಟ್ಟುಕೊಳ್ಳುತ್ತೆ. ಇದು ಚಿಪ್‌ನ ಡೇಟಾಶೀಟ್‌ನಲ್ಲಿರೋ ನಂಬರೇ ಆಗಬೇಕಿಲ್ಲ. ಹಾಗಾಗಿ ಡ್ರೈವರ್ ಅದನ್ನು ಕೇಳಿ ಪಡೀಬೇಕು. ಅದಕ್ಕಿರೋ ಫಂಕ್ಷನ್ ಪ್ಲಾಟ್‌ಫಾರ್ಮ್-ಗೆಟ್-ಐಆರ್‌ಕ್ಯೂ. ಅದು ಕೊಡೋ ಉತ್ತರ ಎರಡೇ ಬಗೆ: ಧನ ಸಂಖ್ಯೆ ಬಂದರೆ ಐಆರ್‌ಕ್ಯೂ, ಋಣ ಸಂಖ್ಯೆ ಬಂದರೆ ಎರರ್. ಸೊನ್ನೆ ಸರಿಯಾದ ನಂಬರೇ ಅಲ್ಲ.

ಈಗ ನೋಡಿ. ಎರಡನೇ ಬೋರ್ಡಿನಲ್ಲಿ ಇಂಟರಪ್ಟ್ ಕಂಟ್ರೋಲರ್‌ನ ಡ್ರೈವರ್ ಮಾಡ್ಯೂಲ್ ಆಗಿ ತಡವಾಗಿ ಲೋಡ್ ಆಗುತ್ತೆ ಅಂದುಕೊಳ್ಳಿ. ಆಗ ಬರೋ ಉತ್ತರ ಮೈನಸ್ 517, ಅಂದರೆ ಪ್ರೋಬ್ ಡಿಫರ್: "ಇನ್ನೂ ಸಿದ್ಧ ಇಲ್ಲ, ಆಮೇಲೆ ಬಾ". ಡ್ರೈವರ್ ಇದನ್ನು ಹಾಗೇ ಮೇಲಕ್ಕೆ ಹಿಂತಿರುಗಿಸಿದರೆ ಕರ್ನಲ್ ಮತ್ತೆ ಪ್ರಯತ್ನಿಸುತ್ತೆ. ಆದರೆ ಉತ್ತರವನ್ನು ಅನ್‌ಸೈನ್ಡ್ ಇಂಟ್‌ನಲ್ಲಿ ಇಟ್ಟರೆ ಅದು 4294966779 ಆಗಿಬಿಡುತ್ತೆ. "ಸೊನ್ನೆಗಿಂತ ಕಡಿಮೆಯೇ?" ಅನ್ನೋ ಪರೀಕ್ಷೆ ಯಾವತ್ತೂ ನಿಜ ಆಗಲ್ಲ. ಡ್ರೈವರ್ ಆ ದೊಡ್ಡ ನಂಬರನ್ನೇ ರಿಕ್ವೆಸ್ಟ್-ಐಆರ್‌ಕ್ಯೂಗೆ ಕೊಡುತ್ತೆ, ಅಂಥ ಐಆರ್‌ಕ್ಯೂ ಇಲ್ಲದ್ದರಿಂದ ಮೈನಸ್ 22 ಬರುತ್ತೆ. ಅದು ಕಾಯುವ ಎರರ್ ಅಲ್ಲ, ಹಾಗಾಗಿ ಕರ್ನಲ್ ತಾನಾಗಿ ಮತ್ತೆ ಪ್ರಯತ್ನಿಸಲ್ಲ. ಪೋರ್ಟ್ ಸತ್ತ ಹಾಗೇ.

ಎರರ್ ಬಂದಾಗೆಲ್ಲ ಕಣ್ಣುಮುಚ್ಚಿ ಮೈನಸ್ 19 ಹಿಂತಿರುಗಿಸೋ ಡ್ರೈವರ್‌ಗಳಲ್ಲೂ ಇದೇ ಪಾಡು. ಮೂಲ ಕಾರಣ ಅಲ್ಲೇ ಹೂತುಹೋಗುತ್ತೆ.

ಇನ್ನೊಂದು ಗೊಂದಲ ಐಆರ್‌ಕ್ಯೂ-ಆಫ್-ಪಾರ್ಸ್-ಆ್ಯಂಡ್-ಮ್ಯಾಪ್‌ನದ್ದು. ಅದು ಸೋತರೆ ಸೊನ್ನೆ ಕೊಡುತ್ತೆ, ಋಣ ಸಂಖ್ಯೆ ಅಲ್ಲ. ಒಂದರ ಪರೀಕ್ಷೆಯನ್ನು ಇನ್ನೊಂದಕ್ಕೆ ಕಾಪಿ ಮಾಡಿದರೆ ಎರರ್ ಸದ್ದಿಲ್ಲದೆ ದಾಟಿಹೋಗುತ್ತೆ.

2019ರ 5.4 ಕರ್ನಲ್‌ನಿಂದ ಪ್ಲಾಟ್‌ಫಾರ್ಮ್-ಗೆಟ್-ಐಆರ್‌ಕ್ಯೂ ತಾನೇ ಎರರ್ ಸಂದೇಶ ಬರೆಯುತ್ತೆ. ಆದ್ದರಿಂದ ಡ್ರೈವರ್‌ನಲ್ಲಿ ಮತ್ತೆ ಅದೇ ಸಂದೇಶ ಬೇಡ. ಇಂಟರಪ್ಟ್ ಇಲ್ಲದೆಯೂ ಸಾಧನ ನಡೆಯುತ್ತೆ ಅನ್ನೋದಾದರೆ ಅದರ ಆಪ್ಷನಲ್ ರೂಪ ಬಳಸಿ, ಲಾಗ್ ಸುಮ್ಮನೆ ಗಾಬರಿ ಹುಟ್ಟಿಸಲ್ಲ.

ಕ್ಲೀನಪ್ ಅಂದರೆ ನಾನು ನೋಡೋದು ಇಷ್ಟೇ: ವೇರಿಯಬಲ್ ಸೈನ್ಡ್ ಇಂಟ್ ಇದೆಯಾ? ಪರೀಕ್ಷೆ ಆ ಫಂಕ್ಷನ್‌ಗೆ ಹೊಂದುತ್ತಾ? ಬಂದ ಎರರ್ ಬದಲಾಗದೆ ಮೇಲಕ್ಕೆ ಹೋಗುತ್ತಾ? ಪ್ಯಾಚ್ ಬರೀ ಎರಡು ಮೂರು ಸಾಲು ಇರಬಹುದು. ರಿವ್ಯೂನಲ್ಲಿ "ಚಿಲ್ಲರೆ ಬದಲಾವಣೆ" ಅಂತ ಯಾರಾದರೂ ಅಂದರೆ, ಆ 517ರ ಕಥೆ ಹೇಳಿ.