ವಿಮಾನದ ಬಾಲ ಮತ್ತು ತೂತಿನ ಅಂಚು

ಅಮೆರಿಕದಲ್ಲಿ ಹವ್ಯಾಸಿಗಳು ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿಯೇ ವಿಮಾನ ಕಟ್ಟುವುದುಂಟು. ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ 1973ರಲ್ಲಿ ಸ್ಥಾಪಿಸಿದ ಸಂಸ್ಥೆಯ ‘ಆರ್‌ವಿ’ ವಿಮಾನಗಳಲ್ಲಿ ಸಾಮಾನ್ಯವಾಗಿ ಬಾಲದಿಂದಲೇ ಕೆಲಸದ ಆರಂಭ. ಭಾಗ ಚಿಕ್ಕದು, ಕೈ ಪಳಗಲು ಅನುಕೂಲ.

ಅಲ್ಯೂಮಿನಿಯಂ ತಗಡನ್ನು ಪಕ್ಕೆಲುಬುಗಳ ಮೇಲಿಟ್ಟು, ತಾತ್ಕಾಲಿಕವಾಗಿ ಬಿಗಿದು, ತೂತುಗಳನ್ನು ಸರಿಯಳತೆಗೆ ಕೊರೆದು, ಮತ್ತೆ ಎಲ್ಲವನ್ನೂ ಬಿಚ್ಚಬೇಕು! ಏಕೆ? ಕೊರೆದ ಅಂಚಿನಲ್ಲಿ ಲೋಹದ ಮುಳ್ಳುಗಳು ಉಳಿದಿರುತ್ತವೆ. ಅಗಲವಾದ ತಗಡನ್ನು ಎಳೆದಾಗ ದುಂಡು ತೂತಿನ ಅಂಚಿನಲ್ಲಿ ಪೀಡನವು ದೂರದಲ್ಲಿರುವುದಕ್ಕಿಂತ ಸುಮಾರು 3 ಪಟ್ಟಾಗುತ್ತದೆಂದು ಗಣಿತವು ತೋರಿಸುತ್ತದೆ. ಅಲ್ಲಿಯೇ ಗೀರೂ ಇದ್ದರೆ, ಹಾರಾಟದ ಅದುರಿಕೆಯಲ್ಲಿ ಬಿರುಕು ಅದರಿಂದಲೇ ಹೊರಡಬಹುದು. ಬಟ್ಟೆಯಂಗಡಿಯವನು ಅಂಚಿಗೆ ಕತ್ತರಿ ತಾಗಿಸಿ ಬಟ್ಟೆ ಹರಿಯುವುದನ್ನು ನಾವು ನೋಡಿಲ್ಲವೆ? ಆದುದರಿಂದ ಒಂದೊಂದು ತೂತನ್ನೂ ನುಣುಪಾಗಿಸಿ, ಅನಂತರವೇ ರಿವೆಟ್ ಬಡಿಯಬೇಕು. ಬೇಸರದ ಕೆಲಸ, ನಿಜ. ರಿವೆಟ್ಟಿನ ಕೇಂದ್ರವು ತಗಡಿನ ಅಂಚಿನಿಂದ ಅದರ ವ್ಯಾಸದ 2 ಪಟ್ಟಾದರೂ ಒಳಗಿರಬೇಕು; ಇಲ್ಲವಾದರೆ ಅಂಚೇ ಹರಿದೀತು.